ಸ್ವಂತ ಹೆಸರಿನ ಅಕ್ಕಿ: ಚೀಲ ಎಷ್ಟು ಮುದ್ರಿಸಬೇಕು?

ಸ್ವಂತ ಹೆಸರಿನಲ್ಲಿ ಅಕ್ಕಿ ಮಾರಲು ಹೊರಟಿರುವ ಬಿಳಿಗೆರೆ ಭಾಗದ ರೈತ ಬಾಂಧವರು 2022ರ ಜುಲೈ 18ನ್ನು ನೆನಪಿನಲ್ಲಿಡಬೇಕು. ಅಂದಿನಿಂದ 25 ಕೆ.ಜಿ.ವರೆಗಿನ, ಲೇಬಲ್ ಸಹಿತವಾದ ಅಕ್ಕಿಗೆ ಶೇ. 5 ಜಿಎಸ್‌ಟಿ ಜಾರಿಯಾಯಿತು. ಹಲವು ಗಿರಣಿಗಳು 26 ಕೆ.ಜಿ. ಚೀಲಕ್ಕೆ ಬದಲಾದವು, 25 ಎಂದು ಮುದ್ರಿಸಿದ್ದ ಚೀಲ ಅದಕ್ಕೆ ಒದಗಲಿಲ್ಲ.

ಹೆಚ್ಚು ಮುದ್ರಿಸಿದರೆ ದರ ಇಳಿಯುವುದು ನಿಜ. 10,000 ಚೀಲಕ್ಕೆ ತಲಾ 12 ರೂ., 2,500ಕ್ಕೆ ತಲಾ 18 ರೂ. ಎನ್ನೋಣ. ನಿಯಮ ಬದಲಾಗುವ ಮುನ್ನ 2,500 ಮಾತ್ರ ಬಳಕೆಯಾದರೆ ಆ ‘ಅಗ್ಗದ’ ಚೀಲ ತಲಾ 48 ರೂ. ಬಿದ್ದಂತೆ!

ಆದುದರಿಂದ ಕಳೆದ ಮೂರು ತಿಂಗಳಲ್ಲಿ ನಿಜವಾಗಿ ಮಾರಿದಷ್ಟನ್ನೇ ಮುದ್ರಿಸಿ, ಆಶಿಸಿದಷ್ಟನ್ನಲ್ಲ. ಹೆಸರು, ಚಿತ್ರ ಚೀಲದ ಮೇಲಿರಲಿ. ತೂಕ, ಬೆಲೆ, ದಿನಾಂಕಗಳನ್ನು ಕಳಚದಂತೆ ಅಂಟಿಸಿದ ಲೇಬಲ್ಲಿನಲ್ಲಿ ನಮೂದಿಸಿ. ಮುದ್ರಕರು ಕನಿಷ್ಠ 10,000 ಎಂದು ಪಟ್ಟು ಹಿಡಿದರೆ, ಸಾದಾ ಚೀಲಕ್ಕೆ ಲೇಬಲ್ ಹಚ್ಚಿಯೇ ಈ ಸುಗ್ಗಿಯನ್ನು ದಾಟಿಸಿ.