ಮಿಲ್ಟ್ರಿಯವರ ಸಂಘಕ್ಕೆ ಒಂದು ಮೇಜು ಕೊಡಿ

ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕುಳಿತವರನ್ನು ಹಾವೇರಿಯ ವ್ಯಾಪಾರಸ್ಥರು ದಿನಾ ನೋಡುತ್ತಾರೆ. ರೊಕ್ಕ ಕಟ್ಟಲು ಹೋದಾಗ ‘ನಮಸ್ಕಾರ್ರೀ ಸಾಹೇಬ್ರ’ ಎನ್ನುತ್ತಾರೆ. ಪರಿಚಯ ಸ್ವಲ್ಪ ಹಳೆಯದಾದರೆ ದನಿ ತಗ್ಗಿಸಿ, ‘ಕ್ಯಾಂಟೀನಿಂದ ಒಂದು ಬಾಟ್ಲಿ ಸಿಗತೈತೇನ್ರಿ?’ ಎಂದೂ ಕೇಳುತ್ತಾರೆ. ಮಾಜಿ ಸೈನಿಕರ ಬಗ್ಗೆ ಪೇಟೆಗೆ ಇರುವ ತಿಳಿವಳಿಕೆ ಹೆಚ್ಚುಕಡಿಮೆ ಇಷ್ಟೇ.

ಆಗಸ್ಟ್ 15 ಬಂತೆಂದರೆ ಕರೆದು ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ಭಾಷಣ ಮಾಡುತ್ತಾರೆ. 16ನೇ ತಾರೀಖು ಅದೇ ಮನುಷ್ಯ ಕಾಗದದ ಚೀಲ ಹಿಡಿದು ಕಚೇರಿಗೆ ಬಂದರೆ ‘ನಾಳೆ ಬರ್ರಿ’.

ಸತ್ತವರನ್ನು ನೆನೆಯುವುದರಲ್ಲಿ ಈ ಜಿಲ್ಲೆ ಹಿಂದೆ ಬಿದ್ದಿಲ್ಲ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಹಾವೇರಿ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ. ಒಳ್ಳೆಯದೇ. ಆದರೆ ದೇಶಕ್ಕಾಗಿ ದುಡಿದು ಜೀವಂತ ಮರಳಿ ಬಂದವರ ಗತಿ?

ಸೈನಿಕರ ಯೋಗಕ್ಷೇಮದ ಏರ್ಪಾಡು ನಿನ್ನೆ ಮೊನ್ನೆಯದಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಎಂಬುದು ಹುಟ್ಟಿತು. ಇಂದಿನ ಕೇಂದ್ರೀಯ ಸೈನಿಕ ಮಂಡಳಿಯ ಮೂಲ ಅದೇ. 1949ರಿಂದ ಪ್ರತಿ ಡಿಸೆಂಬರ್ 7 ಧ್ವಜ ದಿನ. ಅಂಗಡಿಗೆ ಡಬ್ಬಿ ಬರುತ್ತದೆ, ಚಿಲ್ಲರೆ ಹಾಕಿ ಧ್ವಜ ಚುಚ್ಚಿಕೊಳ್ಳುತ್ತಾರೆ. ಯುದ್ಧದಲ್ಲಿ ಅಂಗವಿಕಲರಾದವರಿಗೆ, ಮಡಿದವರ ಮನೆಯವರಿಗೆ, ನಿವೃತ್ತರಿಗೆ ಆ ನಿಧಿ ಮೀಸಲು.

ಹಾವೇರಿ 1997ರ ತನಕ ಧಾರವಾಡ ಜಿಲ್ಲೆಯೊಳಗಿತ್ತು. ಜಿಲ್ಲಾ ಕಚೇರಿಯ ಯಾವ ಕೆಲಸಕ್ಕೂ ಧಾರವಾಡದ ಬಸ್ಸೇ ಹತ್ತಬೇಕು. ಕಚೇರಿ ದೂರ, ಕಾಗದವೆಲ್ಲ ಇಂಗ್ಲಿಷು. ಇಂಥಲ್ಲಿ ಮೊದಲು ನಿವೃತ್ತನಾದವನೇ ಹಿಂದಿನಿಂದ ಬಂದವನಿಗೆ ಆಸರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮಾಜಿ ಸೈನಿಕರ ಸಂಘಗಳ ಬಲ ಇರುವುದೇ ಇಂಥ ಆಸರೆಯಲ್ಲಿ. ರಕ್ತದಾನ, ಜುಲೈ 26ರ ಕಾರ್ಗಿಲ್ ದಿನ ಇವೆಲ್ಲ ಜನರಿಗೆ ಕಾಣುವ ಕೆಲಸ. ಕಾಣದ ಕೆಲಸವೇ ದೊಡ್ಡದು.

ಅದು ಯಾವುದು? ಮೊದಲು ಪಿಂಚಣಿ ಬ್ಯಾಂಕಿನ ಮೂಲಕ ನಡೆಯುತ್ತಿತ್ತು. 2021ರಿಂದ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಬದಲಾಗುತ್ತ ಬಂದಿದೆ. ಲೆಕ್ಕದ ಕಚೇರಿ ದೂರದ ಪ್ರಯಾಗರಾಜದಲ್ಲಿ. ವರ್ಷಕ್ಕೊಮ್ಮೆ ‘ಬದುಕಿದ್ದೇನೆ’ ಎಂದು ಬೆರಳೊತ್ತಿ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಸೈನ್ಯದ ದಾಖಲೆಯಲ್ಲಿ ಹೆಂಡತಿಯ ಹೆಸರು ‘ಬಸಮ್ಮ’, ಆಧಾರದಲ್ಲಿ ‘ಬಸವ್ವ’ ಎಂದಿದ್ದರೆ, ಗಂಡ ತೀರಿದ ಮೇಲೆ ಆ ತಾಯಿ ಎಷ್ಟು ಕಚೇರಿ ತಿರುಗಬೇಕು? ಓದು ಬಾರದ ಮುದುಕಿಗೆ ಪಾಸ್‌ವರ್ಡ್, ಓಟಿಪಿ ಎಂದರೆ ಏನು ತಿಳಿದೀತು? ಪಕ್ಕದಲ್ಲಿ ಕುಳಿತು ಅರ್ಜಿ ಬರೆದುಕೊಡುವವರು, ಬಿಡಿಸಿ ಹೇಳುವವರು ಬೇಕು. ಆ ಭಾಷೆ ಬಲ್ಲವರು ಇದೇ ಸಂಘದವರು.

‘ಅವರಿಗೇನ್ರೀ, ಪಿಂಚಣಿ ಐತಿ, ಕ್ಯಾಂಟೀನ್ ಐತಿ’ ಎನ್ನುವವರುಂಟು. ಅವರಿಗೆ ಮುಂದೆ ಬರುವ ಹುಡುಗರನ್ನು ತೋರಿಸಬೇಕು.

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ಅದೇ ಸೆಪ್ಟೆಂಬರಿನಲ್ಲಿ ಹಾವೇರಿಯ ಜಿಲ್ಲಾ ಕ್ರೀಡಾಂಗಣದಲ್ಲಿಯೇ ಭರ್ತಿ ನಡೆಯಿತು. 1.6 ಕಿಲೋಮೀಟರ್ ಓಡಿ, 9 ಅಡಿ ಕಂದಕ ಜಿಗಿದು ಹುಡುಗರು ಆಯ್ಕೆಯಾದರು. ನೌಕರಿ ನಾಲ್ಕೇ ವರ್ಷ. ನೂರಕ್ಕೆ ಹೆಚ್ಚೆಂದರೆ 25 ಮಂದಿ ಸೈನ್ಯದಲ್ಲಿ ಉಳಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಪಡೆದು ಮನೆಗೆ. ಪಿಂಚಣಿ ಇಲ್ಲ, ಗ್ರಾಚ್ಯುಯಿಟಿ ಇಲ್ಲ, ಯೋಜನೆಯ ಪ್ರಕಾರ ‘ಮಾಜಿ ಸೈನಿಕ’ ಎಂಬ ಸ್ಥಾನವೂ ಇಲ್ಲ. 2022ರ ಕೊನೆ, 2023ರ ಆರಂಭದಲ್ಲಿ ತರಬೇತಿ ಶುರುಮಾಡಿದ ದೇಶದ ಮೊದಲ ತಂಡಕ್ಕೆ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭದ ಹೊತ್ತಿಗೆ.

ಇನ್ನೂ ಎಳೆಯ ವಯಸ್ಸು, ಕೈಯಲ್ಲಿ ಇಡುಗಂಟು, ಮುಂದೆ ದಾರಿ ಕಾಣದು. ಆ ಗಂಟಿನ ಮೇಲೆ ಕಣ್ಣಿಡುವವರು ಕಡಿಮೆಯೇ? ಚೀಟಿ ನಡೆಸುವವರು, ಪ್ಲಾಟು ಮಾರುವವರು, ‘ದುಪ್ಪಟ್ಟು ಮಾಡಿಕೊಡ್ತೀವಿ’ ಎನ್ನುವವರು ಮನೆ ಬಾಗಿಲಿಗೇ ಬರುತ್ತಾರೆ. ಆಗ ಹಿರಿಯನೊಬ್ಬ ಹೆಗಲ ಮೇಲೆ ಕೈಯಿಟ್ಟು ‘ತಡಿಯೋ ತಮ್ಮಾ, ಕಾಗದ ಓದು’ ಎನ್ನಬೇಕು. ಸರ್ಕಾರದ ಲೆಕ್ಕದಲ್ಲಿ ಆ ಹುಡುಗ ಮಾಜಿ ಸೈನಿಕನಲ್ಲದಿರಬಹುದು. ಸಂಘದ ಲೆಕ್ಕದಲ್ಲಿ ಆಗಲೇಬೇಕು. ನಿಯಮ ಅಡ್ಡ ಬಂದರೆ ತಿದ್ದಿಕೊಳ್ಳಲಿ. ಹದಿನೈದು ವರ್ಷ ದುಡಿದವರು ನಾಲ್ಕು ವರ್ಷ ದುಡಿದವನಿಗೆ ಬಾಗಿಲು ಹಾಕಿದರೆ ಸಂಘದ ಅರ್ಥವೇ ಹೋಯಿತು.

ಊರಿನವರು ಮಾಡಬೇಕಾದ್ದು ಬಹಳವೇನಿಲ್ಲ. ಹಾವೇರಿ, ರಾಣೆಬೆನ್ನೂರಿನ ನಗರಸಭೆಯವರು, ಬ್ಯಾಡಗಿ ಪುರಸಭೆಯವರು ವಾರಕ್ಕೊಂದು ದಿನ, ಹಳ್ಳಿಯವರು ಪೇಟೆಗೆ ಬರುವ ಸಂತೆಯ ದಿನವೇ, ಬಸ್ ನಿಲ್ದಾಣದ ಹತ್ತಿರ ಒಂದು ಮೇಜು, ನಾಲ್ಕು ಕುರ್ಚಿ, ಒಂದು ಕಂಪ್ಯೂಟರ್ ಕೊಡಲಿ. ಕೆಲಸ ಸಂಘದವರು ಮಾಡುತ್ತಾರೆ. ಹಳ್ಳಿಯಿಂದ ಬಂದ ಮುದುಕಿ ಬಸ್ಸಿಳಿದು ಅಲ್ಲೇ ಬೆರಳೊತ್ತಿ, ಸಂತೆ ಮುಗಿಸಿ, ಸಂಜೆ ಬಸ್ಸಿಗೆ ಮರಳಬಹುದು. ಮೆಣಸಿನಕಾಯಿ ಪೇಟೆಯ ದಲಾಲರು, ಬೀಜದ ಅಂಗಡಿಯವರು ಕೆಲಸಕ್ಕೆ ಆಳು ಹುಡುಕುವಾಗ ಮೊದಲು ಆ ಮೇಜಿಗೆ ಬಂದು ಕೇಳಲಿ. ಗೇಟಿನ ಮುಂದಿನ ಸ್ಟೂಲಷ್ಟೇ ಅವರ ಪಾಲಿಗೆ ಬೇಡ. ಲೆಕ್ಕ, ಗೋದಾಮು, ಲಾರಿ ಇವನ್ನೂ ನಂಬಿ ಒಪ್ಪಿಸಲಿ.

ಬರುವ ಡಿಸೆಂಬರ್ 7ಕ್ಕೆ ಡಬ್ಬಿಗೆ ಚಿಲ್ಲರೆ ಬೀಳುವುದಂತೂ ಖರೆ. ಅಷ್ಟರೊಳಗೆ ಆ ಮೇಜೂ ಬಂದೀತೇ? ಸಂಬಂಧಪಟ್ಟವರು ಉತ್ತರ ಕೊಡಲಿ.