ಜವೆಗೋಧಿಯ ಬೀಜವನ್ನು ಕೈಬಿಡಬಾರದೇಕೆ

ಹೆಚ್ಚು ಇಳುವರಿಯ ಗೋಧಿಯು ಬಂದಮೇಲೆ, ಒಕ್ಕಿದರೂ ಹೊಟ್ಟು ಬಿಡದ ಜವೆಗೋಧಿಯಿಂದ ಪ್ರಯೋಜನವೇನೆಂದು ಧಾರವಾಡ, ವಿಜಯಪುರ ಸೀಮೆಯ ಕೆಲವರು ಜಮೀನುದಾರರು ಕೇಳುವುದುಂಟು. ಹುಗ್ಗಿಗೂ ಮಾದಲಿಗೂ ಅದೇ ಆಗಬೇಕೆಂಬುದು ಮನೆಯ ಹೆಂಗಸರ ಉತ್ತರ. ಅದು ಸರಿಯೇ, ಆದರೆ ಅದಕ್ಕಿಂತಲೂ ಬಲವಾದ ಕಾರಣವೊಂದು ಗೋಧಿಯ ಹುಟ್ಟಿನಲ್ಲಿಯೇ ಅಡಗಿರುತ್ತದೆ.

ಗುಣಗಳನ್ನು ಪೀಳಿಗೆಯಿಂದ ಪೀಳಿಗೆಗೆ ಒಯ್ಯುವ ಸೂಕ್ಷ್ಮವಾದ ಎಳೆಗಳಿಗೆ ವರ್ಣತಂತುಗಳೆಂದು ಹೆಸರು. ಸಾಧಾರಣ ಗೋಧಿಯು ಮೂರು ಬೇರೆಬೇರೆ ಹುಲ್ಲುಗಳು ಕೂಡಿ ಹುಟ್ಟಿದ ಪೈರಾದುದರಿಂದ ಅದರಲ್ಲಿ ಒಂದೊಂದರಿಂದ 14ರಂತೆ ಒಟ್ಟು 42 ತಂತುಗಳಿರುವುವು. ಜವೆಗೋಧಿಯಲ್ಲಿ ಆ ಮೂರರ ಪೈಕಿ ಎರಡರವು ಮಾತ್ರ, ಅಂದರೆ 28. ಪರಾಗವೂ ಅಂಡವೂ ಉಂಟಾಗುವಾಗ ಪ್ರತಿಯೊಂದು ತಂತುವೂ ತನ್ನ ಜೊತೆಯನ್ನು ಸೇರಬೇಕು. ಮೂರು ಮನೆತನದ ತಂತುಗಳೂ ಒಂದನ್ನೊಂದು ಹೋಲುವುದರಿಂದ, ಅವು ಅಡ್ಡಾದಿಡ್ಡಿಯಾಗಿ ಕೂಡಿದರೆ ತೆನೆಯು ಜೊಳ್ಳಾಗುವುದು. ಹಾಗಾಗದಂತೆ ಕಾಯುವ ವಂಶವಾಹಿಯೊಂದು ಗೋಧಿಯಲ್ಲಿ ಉಂಟೆಂಬುದನ್ನು 1958ರಲ್ಲಿ ಇಂಗ್ಲೆಂಡಿನ ರೈಲಿ ಮತ್ತು ಚಾಪ್ಮನ್, ಅಮೆರಿಕದ ಸಿಯರ್ಸ್ ಮತ್ತು ಒಕಮೋಟೊ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ನಮ್ಮಲ್ಲಿ ಸಗೋತ್ರದಲ್ಲಿ ಲಗ್ನವಿಲ್ಲ. ಗೋಧಿಯಲ್ಲಿ ಸಗೋತ್ರಕ್ಕಲ್ಲದೆ ಅಪ್ಪಣೆಯೇ ಇಲ್ಲ!

ಈ ಕಾವಲಿನಿಂದ ಒಕ್ಕಲಿಗನಿಗೆ ಕಾಳು ತುಂಬಿದ ತೆನೆ ದೊರೆಯುತ್ತದೆ. ತಳಿಯನ್ನು ಸುಧಾರಿಸುವವನಿಗಾದರೋ ತೊಡಕು. ಕಾಡುಹುಲ್ಲಿನ ರೋಗನಿರೋಧ ಗುಣವನ್ನು ಗೋಧಿಗೆ ತರಬೇಕೆಂದರೆ ಅದರ ತಂತುಗಳೊಡನೆ ಗೋಧಿಯವು ಕೂಡಲೊಲ್ಲವು. 1968ರಲ್ಲಿ ರೈಲಿಯವರೂ ಸಂಗಡಿಗರೂ ಮತ್ತೊಂದು ಕಾಡುಹುಲ್ಲಿನ ಸಹಾಯದಿಂದ ಈ ಕಾವಲನ್ನು ಅಡಗಿಸಿ, ಹಳದಿ ತುಕ್ಕು ರೋಗವನ್ನು ತಡೆಯುವ ಗುಣವನ್ನು ತಂದರು. ಮೆಚ್ಚತಕ್ಕ ಕಾರ್ಯವೇ ಸರಿ. ಆದರೆ ಕಾವಲು ಸಡಿಲವಾದಾಗ ಬೇಡದ ಗುಣಗಳೂ ಜೊತೆಯಲ್ಲಿ ಒಳನುಗ್ಗುವುವು. ಅವನ್ನು ಆರಿಸಿ ತೆಗೆಯಲು ಹಲವು ಪೀಳಿಗೆಗಳು ಬೇಕು.

ಜವೆಗೋಧಿಯ ವಿಷಯದಲ್ಲಿ ಈ ಕಷ್ಟವಿಲ್ಲ. ಅದನ್ನು ಸಾಧಾರಣ ಗೋಧಿಯೊಡನೆ ಸಂಕರಗೊಳಿಸಿದರೆ ಬರುವ 35 ತಂತುಗಳಲ್ಲಿ 28 ತಮ್ಮತಮ್ಮೊಳಗೆ 14 ಜೊತೆಯಾಗಿ ಕೂಡುವುವು. 7 ಮಾತ್ರ ಒಂಟಿ. ಮೊದಲ ಪೀಳಿಗೆಯಲ್ಲಿ ಜೊಳ್ಳು ಕಂಡರೂ ಕಾಳು ಸಿಕ್ಕದೆ ಇರದು. 1916ರಲ್ಲಿ ಅಮೆರಿಕದ ದಕ್ಷಿಣ ಡಕೋಟದಲ್ಲಿ ಮೆಕ್‌ಫ್ಯಾಡನ್ ಎಂಬವರು ಜವೆಯ ಜಾತಿಯದೇ ಆದ ಯಾರೋಸ್ಲಾವ್ ಗೋಧಿಯನ್ನು ಮಾರ್ಕ್ವಿಸ್ ಗೋಧಿಯೊಡನೆ ಕೂಡಿಸಿದರು. ಅದರಿಂದ ಬಂದ ಹೋಪ್ ತಳಿಯ ಮೂಲಕ ಹರಡಿದ, ಕಾಂಡದ ಕರಿ ತುಕ್ಕನ್ನು ತಡೆಯುವ ಗುಣವು ಇಂದಿಗೂ ಅನೇಕ ದೇಶಗಳ ಗೋಧಿಯಲ್ಲಿ ಕೆಲಸಮಾಡುತ್ತಿದೆ. ಗೋಡೆ ಒಡೆಯುವ ವಿದ್ಯೆ ಬಂದಿತೆಂದು ಬಾಗಿಲಿನ ಬೀಗದಕೈಯನ್ನು ಬಾವಿಗೆ ಎಸೆಯಬೇಕೇ?

ಆದುದರಿಂದ ಪ್ರತಿ ಊರಿನಲ್ಲಿಯೂ ಒಬ್ಬಿಬ್ಬರು ಗೌಡರಾದರೂ ಹಿರಿಯರ ಕಾಲದ ಜವೆಯನ್ನು ನಾಲ್ಕು ಗುಂಟೆಯಲ್ಲಿ ಬಿತ್ತಿ, ಬೀಜವನ್ನು ಬೇರೆಯಾಗಿಯೇ ಇರಿಸತಕ್ಕದ್ದೆಂದು ನನ್ನ ಅಭಿಪ್ರಾಯ. ಗೋಧಿಯು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳುಕಟ್ಟುವುದರಿಂದ ಬೀಜವು ಬೆರೆಯುವುದು ಹೊಲದಲ್ಲಿ ಕಡಿಮೆ, ಕಣದಲ್ಲಿಯೂ ಚೀಲದಲ್ಲಿಯೂ ಹೆಚ್ಚು. ತೆನೆ ಹೊರಟಾಗ ಒಮ್ಮೆ ಸುತ್ತಾಡಿ ಬೇರೆ ಬಗೆಯ ಗಿಡಗಳನ್ನು ಕಿತ್ತು, ಒಕ್ಕುವ ಮುಂಚೆ ಯಂತ್ರವನ್ನೂ ಕಣವನ್ನೂ ಗುಡಿಸಿದರೆ ಸಾಕು.