ಗಾಳಿಮಾತೂ ಸರ್ಕಾರಿ ದಾಖಲೆಯೂ

ಪರಸ್ಥಳದಲ್ಲಿ ದುಡಿದು ಬಾಳುವವನಿಗೆ ಕಲಿತ ಕಸುಬು ಒಂದು ಬಂಡವಾಳವಾದರೆ, ಗಳಿಸಿದ ಹೆಸರು ಇನ್ನೊಂದು ಬಂಡವಾಳ. ಊರಿನಲ್ಲಾದರೆ ಅವನ ತಂದೆಯನ್ನೂ ಅಜ್ಜನನ್ನೂ ಬಲ್ಲ ನಾಲ್ಕು ಮಂದಿ ಇದ್ದೇ ಇರುತ್ತಾರೆ. ಅವನ ಪರವಾಗಿ ಒಂದು ಮಾತು ಆಡುತ್ತಾರೆ. ದೆಹಲಿಯಲ್ಲಿ ಹಾಗಲ್ಲ. ಕರೋಲ್‌ಬಾಗಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನಾಗಲಿ, ಮುನೀರ್ಕಾದ ಬಾಡಿಗೆ ಕೋಣೆಯಿಂದ ದಿನವೂ ನೋಯ್ಡಾದ ಕಚೇರಿಗೆ ಹೋಗಿಬರುವ ಗುಮಾಸ್ತೆಯಾಗಲಿ, “ಇವನು ಎಂಥವನು?” ಎಂಬ ಪ್ರಶ್ನೆಗೆ ಕಾಗದದ ಮೂಲಕವೇ ಉತ್ತರ ಕೊಡಬೇಕಾಗಿದೆ. ಆ ಕಾಗದ ಎಲ್ಲಿಂದ ಬರಬೇಕು, ಅದನ್ನು ಹೇಗೆ ಓದಬೇಕು ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಅದರಿಂದ ಆಗುವ ನಷ್ಟ ಅನ್ನದ ನಷ್ಟ.

ಕೆಲಸಕ್ಕೆ ಇಟ್ಟುಕೊಳ್ಳುವವರು, ಮನೆ ಬಾಡಿಗೆಗೆ ಕೊಡುವವರು, ಬಂದವನ ಪೂರ್ವಾಪರ ವಿಚಾರಿಸುವುದು ತಪ್ಪೆಂದು ಯಾರೂ ಹೇಳಲಾರರು. ರಾತ್ರಿ ಹೋಟೆಲಿನಲ್ಲೇ ಮಲಗುವ ಹತ್ತು ಮಂದಿ ಹುಡುಗರ ಕ್ಷೇಮ ಯಜಮಾನರ ಹೊಣೆ. ಗಲ್ಲಾಪೆಟ್ಟಿಗೆಯ ಹಣವೂ ಅವರ ಹೊಣೆಯೇ. ಬಾಡಿಗೆದಾರರ ವಿವರವನ್ನು ಠಾಣೆಗೆ ತಿಳಿಸಬೇಕೆಂದು ದೆಹಲಿ ಪೊಲೀಸರು ಕಾಲಕಾಲಕ್ಕೆ ಆಜ್ಞೆ ಹೊರಡಿಸುತ್ತ ಬಂದಿದ್ದಾರೆ. ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನಂತೆ ಹೊರಡುತ್ತಿದ್ದ ಇಂಥ ಆಜ್ಞೆಗಳಿಗೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮು ಆಧಾರವಾಗಿದೆ. ಆಕ್ಷೇಪಣೆ ಇರುವುದು ವಿಚಾರಣೆಯ ಬಗ್ಗೆ ಅಲ್ಲ, ವಿಚಾರಣೆಯ ರೀತಿಯ ಬಗ್ಗೆ. ಯಾರೋ ಮೊಬೈಲಿಗೆ ಕಳುಹಿಸಿದ ಒಂದು ಚಿತ್ರ, “ಅವನ ಮೇಲೆ ಕೇಸು ಇದೆಯಂತೆ” ಎಂಬ ಒಂದು ಮಾತು, ದಲ್ಲಾಳಿಯೊಬ್ಬ ಹಣ ಪಡೆದು ಮುದ್ರಿಸಿಕೊಟ್ಟ ಒಂದು ‘ರಿಪೋರ್ಟು’, ಇಷ್ಟರಿಂದಲೇ ಹತ್ತು ವರ್ಷ ದುಡಿದವನನ್ನು ಹೊರಗೆ ಹಾಕುವುದುಂಟು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರ ನಾಡಿನಿಂದ ಬಂದವರಿಗೆ ಇದು ತಕ್ಕ ನಡತೆಯಲ್ಲ.

ಪ್ರಮಾಣಿಸಿ ನೋಡುವುದಕ್ಕೆ ಇಂದು ಸರ್ಕಾರಿ ದಾರಿಗಳುಂಟು. ಪೊಲೀಸರ ಪ್ರಥಮ ವರ್ತಮಾನ ವರದಿ, ಅಂದರೆ ಎಲ್ಲರೂ ಎಫ್‌ಐಆರ್ ಎಂದು ಕರೆಯುವ ಕಾಗದ, ಒಂದು ಕಾಲದಲ್ಲಿ ಆಪಾದಿತನಿಗೂ ಬೇಗನೆ ದೊರೆಯುತ್ತಿರಲಿಲ್ಲ. 2010ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅದನ್ನು ದೆಹಲಿ ಪೊಲೀಸರ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಅಪ್ಪಣೆ ಮಾಡಿತು. 2016ರ ಸೆಪ್ಟೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಇಡೀ ದೇಶಕ್ಕೆ ಆ ನಿಯಮವನ್ನು ವಿಸ್ತರಿಸಿ, ವರದಿ ದಾಖಲಾದ 24 ಗಂಟೆಗಳೊಳಗೆ ಪ್ರಕಟವಾಗಬೇಕೆಂದು ವಿಧಿಸಿತು. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ಅಪರಾಧ, ಭಯೋತ್ಪಾದನೆ ಮುಂತಾದ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಪ್ರಕಟವಾಗದಿದ್ದರೂ, ತನ್ನ ಹೆಸರು ವರದಿಯಲ್ಲಿದೆಯೆಂದು ಶಂಕಿಸುವವನು ತಾನಾಗಿ ಅಥವಾ ಪ್ರತಿನಿಧಿಯ ಮೂಲಕ ಅರ್ಜಿ ಕೊಟ್ಟು ನಕಲು ಪಡೆಯಬಹುದೆಂದೂ ಅದೇ ತೀರ್ಪು ಹೇಳಿದೆ.

ಆದರೆ ಈ ವರದಿ ಏನು, ಏನಲ್ಲ ಎಂಬುದನ್ನು ವಾಚಕರು ಚೆನ್ನಾಗಿ ಗ್ರಹಿಸಬೇಕು. ಅದು ದೂರು ಕೊಟ್ಟವನ ಮಾತು. ಠಾಣೆಯ ಅಧಿಕಾರಿ ಅದನ್ನು ಬರೆದುಕೊಂಡಿದ್ದಾನೆ, ಅಷ್ಟೆ. ಅನಂತರ ತನಿಖೆಯಾಗಬೇಕು, ತನಿಖೆಯ ಕೊನೆಗೆ ಪೊಲೀಸರು ದೋಷಾರೋಪಣ ಪಟ್ಟಿಯನ್ನು ಸಲ್ಲಿಸಬಹುದು, ಅಥವಾ ಆಧಾರವಿಲ್ಲವೆಂದು ಪ್ರಕರಣವನ್ನು ಮುಗಿಸಲು ಕೋರಬಹುದು. ಪಟ್ಟಿ ಬಂದ ಮೇಲೂ ನ್ಯಾಯಾಧೀಶರು ಆಪಾದಿತನನ್ನು ಬಿಟ್ಟುಬಿಡಬಹುದು, ವಿಚಾರಣೆಯಾಗಿ ಖುಲಾಸೆಯಾಗಬಹುದು, ಶಿಕ್ಷೆಯಾದರೂ ಮೇಲಿನ ನ್ಯಾಯಾಲಯ ಅದನ್ನು ರದ್ದುಪಡಿಸಬಹುದು. ಇಷ್ಟು ಮೆಟ್ಟಿಲುಗಳಿರುವಲ್ಲಿ ಮೊದಲನೆಯ ಮೆಟ್ಟಿಲಿನಲ್ಲಿ ಹೆಸರು ಕಂಡ ಮಾತ್ರಕ್ಕೆ ಅವನನ್ನು ಅಪರಾಧಿಯೆಂದು ಕರೆಯುವುದು, ಅಕ್ಕಿ ನೆನೆಹಾಕಿದ್ದನ್ನು ಕಂಡು ಇಡ್ಲಿ ಬೆಂದಿತೆಂದು ಹೇಳಿದ ಹಾಗಾಯಿತು.

ಮುಂದಿನ ಮೆಟ್ಟಿಲುಗಳ ಸಂಗತಿ ನ್ಯಾಯಾಲಯದ ದಾಖಲೆಯಲ್ಲಿದೆ. ದೆಹಲಿಯ ಜಿಲ್ಲಾ ನ್ಯಾಯಾಲಯಗಳು ತೀಸ್ ಹಜಾರಿ, ಪಟಿಯಾಲ ಹೌಸ್, ಕಡಕಡ್‌ಡೂಮಾ, ರೋಹಿಣಿ, ದ್ವಾರಕಾ, ಸಾಕೇತ್, ರೌಸ್ ಅವೆನ್ಯೂ ಎಂಬ ಏಳು ಸಂಕೀರ್ಣಗಳಲ್ಲಿ ನಡೆಯುತ್ತವೆ. ಇವುಗಳ ಮೊಕದ್ದಮೆಗಳ ಸ್ಥಿತಿಯನ್ನು ‘ಇ-ಕೋರ್ಟ್ಸ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮೊಕದ್ದಮೆಯ ಸಂಖ್ಯೆಯಿಂದ, ಠಾಣೆ ಮತ್ತು ಎಫ್‌ಐಆರ್ ಸಂಖ್ಯೆಯಿಂದ, ಕಕ್ಷಿಯ ಹೆಸರಿನಿಂದ ಹುಡುಕುವ ಅನುಕೂಲವಿದೆ. ಪ್ರತಿ ಮೊಕದ್ದಮೆಗೂ ಹದಿನಾರು ಅಕ್ಷರ-ಅಂಕೆಗಳ ಸಿಎನ್‌ಆರ್ ಎಂಬ ಗುರುತು ಇರುತ್ತದೆ; ಅದು ಕೈಯಲ್ಲಿದ್ದರೆ ಬೇರೊಂದು ಮೊಕದ್ದಮೆಯೊಡನೆ ಗೊಂದಲವಾಗುವ ಭಯವಿಲ್ಲ. ಆದರೆ ತೆರೆಯ ಮೇಲೆ ಕಾಣುವುದು ತಿಳಿವಳಿಕೆಗೆ ಮಾತ್ರ. ಪ್ರಮಾಣವಾಗಿ ನಿಲ್ಲತಕ್ಕದ್ದು ನ್ಯಾಯಾಲಯದ ನಕಲು ವಿಭಾಗದಲ್ಲಿ ಶುಲ್ಕ ತೆತ್ತು ಪಡೆದ, ಮೊಹರೂ ಸಹಿಯೂ ಉಳ್ಳ ದೃಢೀಕೃತ ನಕಲು. ಖುಲಾಸೆಯಾದ ಪ್ರತಿಯೊಬ್ಬನೂ ಆ ತೀರ್ಪಿನ ದೃಢೀಕೃತ ನಕಲನ್ನು ಮನೆಯ ಪತ್ರಗಳೊಡನೆ ಭದ್ರವಾಗಿ ಇಟ್ಟುಕೊಳ್ಳಬೇಕು. ವಕೀಲರ ಕೈಯಲ್ಲಿ ಅದು ಉಳಿದುಹೋಗುವುದು ಬೇಡ.

ಹೆಸರಿನ ವಿಷಯದಲ್ಲಿ ನಮ್ಮವರು ವಿಶೇಷ ಎಚ್ಚರ ವಹಿಸಬೇಕು. ಶೆಟ್ಟಿ, ಪೂಜಾರಿ, ಭಟ್, ನಾಯಕ್ ಎಂಬ ಅಡ್ಡಹೆಸರಿನವರು ಸಾವಿರಾರು ಮಂದಿ. ಊರಿನ ಹೆಸರಿನ ಮೊದಲಕ್ಷರವನ್ನು ತನ್ನ ಹೆಸರಿನ ಹಿಂದೆ ಇಟ್ಟುಕೊಳ್ಳುವ ನಮ್ಮ ಪದ್ಧತಿ ಇಲ್ಲಿಯ ಗುಮಾಸ್ತೆಗೆ ತಿಳಿಯದು. ಹಿಂದಿಯಲ್ಲಿ ಬರೆದುಕೊಂಡು ಇಂಗ್ಲಿಷಿಗೆ ತಿರುಗಿಸುವಾಗ ಅಕ್ಷರಗಳು ಬದಲಾಗುತ್ತವೆ. ಆದುದರಿಂದ ಹೆಸರೊಂದೇ ಕೂಡಿಬಂದರೆ ಏನೂ ಸಿದ್ಧವಾದಂತಾಗಲಿಲ್ಲ. ತಂದೆಯ ಹೆಸರು, ವಯಸ್ಸು, ವಾಸಸ್ಥಳ, ಠಾಣೆ, ವರ್ಷ ಇವೆಲ್ಲ ಕೂಡಿಬರಬೇಕು. ಕೂಡಿಬಾರದೆ ಮಾತಾಡಿದವನು ಒಬ್ಬನ ಪಾಪವನ್ನು ಇನ್ನೊಬ್ಬನ ತಲೆಗೆ ಕಟ್ಟಿದಂತೆ.

ಇನ್ನು, ‘ರಾಜಧಾನಿ ಪ್ರದೇಶ’ ನಮ್ಮ ಬಾಯಿಮಾತಿನಲ್ಲಿ ಒಂದೇ ಊರು. ಪೊಲೀಸರಿಗೆ ಅದು ಹಾಗಲ್ಲ. ದೆಹಲಿ ಪೊಲೀಸರು ಕೇಂದ್ರದ ಗೃಹ ಮಂತ್ರಾಲಯಕ್ಕೆ ಸೇರಿದವರು. ಗುರುಗ್ರಾಮ, ಫರೀದಾಬಾದುಗಳು ಹರಿಯಾಣದ ಪೊಲೀಸರಿಗೆ ಸೇರಿವೆ. ನೋಯ್ಡಾ, ಗಾಜಿಯಾಬಾದುಗಳು ಉತ್ತರ ಪ್ರದೇಶದವರಿಗೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟು ಬೇಕಾದವನು ತಾನು ವಾಸಮಾಡುವ ಕಡೆಯ ಪೊಲೀಸರ ಅಧಿಕೃತ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಊರಿನ ವಿಳಾಸದ ಬಗ್ಗೆ ಬೇಕಾದರೆ ಕರ್ನಾಟಕ ಸರ್ಕಾರದ ‘ಸೇವಾ ಸಿಂಧು’ ಇದೆ. ಗಲ್ಫಿಗೋ ಬೇರೆ ಪರದೇಶಕ್ಕೋ ಹೋಗುವವನಿಗೆ ಪಾಸ್‌ಪೋರ್ಟ್ ಕಚೇರಿಯೇ ಅದನ್ನು ಕೊಡುತ್ತದೆ. ಜಾಲತಾಣದಲ್ಲಿ ನಮೂದಿಸಿದ ಶುಲ್ಕಕ್ಕಿಂತ ಒಂದು ಕಾಸು ಹೆಚ್ಚು ಕೇಳುವವನು ದಲ್ಲಾಳಿಯೆಂದೇ ತಿಳಿಯಬೇಕು.

ಇಷ್ಟೆಲ್ಲ ದಾರಿಗಳಿದ್ದರೂ, ಯಾರ ಚರಿತ್ರೆಯನ್ನಾದರೂ ಯಾರು ಬೇಕಾದರೂ ಬಗೆದು ನೋಡುವ ಅಧಿಕಾರ ಈ ದೇಶದಲ್ಲಿ ಇಲ್ಲ, ಇರಲೂ ಬಾರದು. ಪೊಲೀಸರ ಒಳದಾಖಲೆ ಸಾರ್ವಜನಿಕರ ಸೊತ್ತಲ್ಲ. ಓಟು ಕೇಳಲು ಬರುವವನ ಮಾತು ಬೇರೆ: ಅಭ್ಯರ್ಥಿಗಳು ತಮ್ಮ ಮೇಲಿನ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ಹೇಳಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಮಾನಿಸಿತು, ಚುನಾವಣಾ ಆಯೋಗದ ಜಾಲತಾಣದಲ್ಲಿ ಅದನ್ನು ಯಾವ ಮಾಣಿಯೂ ಓದಬಹುದು. ಆಳುವವನಾಗಬಯಸುವವನು ತೆರೆದಿಡಬೇಕಾದುದನ್ನೆಲ್ಲ ದುಡಿದು ತಿನ್ನುವವನೂ ಬೀದಿಯಲ್ಲಿ ಹರಡಬೇಕೆಂಬುದು ನ್ಯಾಯವಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಏಕಕಂಠದಿಂದ ಹೇಳಿದರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರೆಲ್ಲರೂ ನೆನೆಯತಕ್ಕ ಸಂಗತಿ.

ದಾಖಲೆಯ ಹೆಸರಿನಲ್ಲಿ ಎಂಥ ಅನ್ಯಾಯ ನಡೆಯಬಲ್ಲದೆಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ಸಾಕ್ಷಿಯಿದೆ. ಆಂಗ್ಲರು 1871ರಲ್ಲಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆ, ವಿಚಾರಣೆಯೇ ಇಲ್ಲದೆ, ಹುಟ್ಟಿದ ಕುಲದ ಕಾರಣದಿಂದ ಸಾವಿರಾರು ಸಂಸಾರಗಳನ್ನು ಪೊಲೀಸ್ ಪಟ್ಟಿಗೆ ಸೇರಿಸಿತು. ಆ ಕಾಯಿದೆ 1952ರಲ್ಲಿ ರದ್ದಾಯಿತು. ಕಳಂಕ ಮಾತ್ರ ಆ ಜನರ ಬೆನ್ನು ಬಿಡಲಿಲ್ಲ. ಇಂದು ಪಟ್ಟಿಯ ಕೆಲಸವನ್ನು ಅಂತರಜಾಲದ ಶೋಧಯಂತ್ರ ಮಾಡುತ್ತಿದೆ. ಮಾದಕ ವಸ್ತುವಿನ ಮೊಕದ್ದಮೆಯಲ್ಲಿ ಖುಲಾಸೆಯಾದ ಒಬ್ಬ ವ್ಯಕ್ತಿಗೆ, ತನ್ನ ಹೆಸರಿನಡಿ ಹಳೆಯ ತೀರ್ಪು ಕಾಣುತ್ತಿದ್ದ ಕಾರಣ ಪರದೇಶದಲ್ಲಿ ಉದ್ಯೋಗ ದೊರೆಯದಾಯಿತು. 2021ರ ಏಪ್ರಿಲಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅದು ಶೋಧದಲ್ಲಿ ಕಾಣದಂತೆ ಮಾಡಬೇಕೆಂದು ಮಧ್ಯಂತರ ಆಜ್ಞೆ ಕೊಡಬೇಕಾಯಿತು. ಖುಲಾಸೆಯ ತೀರ್ಪೇ ಕಳಂಕವಾಗಿ ಪರಿಣಮಿಸಿದುದು ಓದುವವರ ಅವಸರದಿಂದ.

ಹಾಗೆಂದು, ಕೇಳಿದಾಗ ಮರೆಮಾಚುವುದೂ ಸರಿಯಲ್ಲ. ದೆಹಲಿ ಪೊಲೀಸ್ ಇಲಾಖೆಯ ಹೆಡ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಿದ್ದ ಒಬ್ಬ ಯುವಕ, ರಾಜಿಯಲ್ಲಿ ಖುಲಾಸೆಯಾದ ಹಳೆಯ ಹೊಡೆದಾಟದ ಮೊಕದ್ದಮೆಯನ್ನು ಅರ್ಜಿಯಲ್ಲಿ ಕಾಣಿಸಿರಲಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಯೌವನದ ತಪ್ಪನ್ನು ಬದುಕಿಡೀ ಹೊರಿಸಬಾರದೆಂದು ಅವನ ಪರವಾಗಿ ನಿಂತಿತು. ಆದರೆ 2016ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು, ಕೇಳಿದ ಮಾಹಿತಿಯನ್ನು ನಿಜವಾಗಿಯೇ ಕೊಡಬೇಕೆಂದು ಸ್ಪಷ್ಟಪಡಿಸಿ, ಅಪರಾಧ ಕ್ಷುಲ್ಲಕವಾಗಿದ್ದರೆ ಅಧಿಕಾರಿಗಳು ಮುಚ್ಚಿಟ್ಟುದನ್ನು ಕ್ಷಮಿಸಬಹುದೆಂದು ಹೇಳಿತು. ಕ್ಷಮೆ ಅವರ ವಿವೇಚನೆಗೆ ಬಿಟ್ಟದ್ದು. ಅದನ್ನು ನಂಬಿ ಸುಳ್ಳು ಬರೆಯುವುದು ಜಾಣತನವಲ್ಲ. ಸರ್ಕಾರಿ ನೌಕರಿಗೆ ಅರ್ಜಿ ಬರೆಯುವ ನಮ್ಮ ತರುಣರು ಇದನ್ನು ಮನಸ್ಸಿನಲ್ಲಿಡಬೇಕು.

“ಇಷ್ಟು ನೋಡುತ್ತ ಕೂತರೆ ಹೋಟೆಲು ನಡೆಸುವುದು ಯಾವಾಗ?” ಎಂದು ಯಜಮಾನರು ಕೇಳಬಹುದು. ಬೆಂಕಿಯಿಲ್ಲದೆ ಹೊಗೆಯಾಡದೆಂಬ ವಾದವನ್ನೂ ಮುಂದಿಡಬಹುದು. ಅಡಿಗೆಮನೆಯಲ್ಲಿ ನಿಂತವರಿಗೆ ಹಬೆಯೂ ದೂರದಿಂದ ಹೊಗೆಯಂತೆ ಕಾಣುವುದು ಗೊತ್ತಿದೆ. ಹತ್ತಿರ ಹೋಗಿ ನೋಡಿದರೆ ತಾನೇ ವ್ಯತ್ಯಾಸ ತಿಳಿಯುವುದು? ಹತ್ತಿರ ಹೋಗಿ ನೋಡಲು ಹಿಡಿಯುವ ಹೊತ್ತು ಹೆಚ್ಚಲ್ಲ. ಆ ಹೊತ್ತು ಉಳಿಸಲೆಂದು ಒಬ್ಬನ ಅನ್ನ ಕಳೆಯುವುದು ಧರ್ಮವೂ ಅಲ್ಲ, ವ್ಯಾಪಾರವೂ ಅಲ್ಲ.

ನಮ್ಮ ಸಲಹೆ ಇಷ್ಟು. ಯಜಮಾನರು ಕೆಲಸಗಾರನಿಗೆ ತಿಳಿಸಿ, ಅವನ ಸಮ್ಮತಿ ಪಡೆದು, ಪೊಲೀಸರ ಮೂಲಕವೇ ವಿಚಾರಣೆ ಮಾಡಿಸಲಿ. ವೆಚ್ಚವನ್ನು ಸಂಬಳದಲ್ಲಿ ಹಿಡಿಯದೆ ತಾವೇ ಭರಿಸಲಿ. ಪ್ರತಿಕೂಲವಾದುದು ಏನಾದರೂ ಬಂದರೆ ಅವನ ಉತ್ತರ ಕೇಳದೆ ತೀರ್ಮಾನಿಸದಿರಲಿ. ಕೆಲಸಗಾರರು ತಮ್ಮ ಸರ್ಟಿಫಿಕೇಟಿನ ಮೂಲಪ್ರತಿಯನ್ನು ಯಾರಿಗೂ ಒಪ್ಪಿಸದೆ ನಕಲನ್ನು ಮಾತ್ರ ಕೊಡಲಿ. ದೆಹಲಿ ಕರ್ನಾಟಕ ಸಂಘದಂಥ ಸಂಸ್ಥೆಗಳು ತಿಂಗಳಿಗೊಂದು ಭಾನುವಾರ, ಕಾನೂನು ಬಲ್ಲ ಒಬ್ಬರನ್ನೂ ಗಣಕಯಂತ್ರ ಬಲ್ಲ ಇಬ್ಬರು ತರುಣರನ್ನೂ ಕೂರಿಸಿ, ಅರ್ಜಿ ತುಂಬಲೂ ದಾಖಲೆ ಓದಿ ಹೇಳಲೂ ಏರ್ಪಾಡು ಮಾಡಿದರೆ ದಲ್ಲಾಳಿಗಳ ಅಂಗಡಿ ತಾನಾಗಿ ಮುಚ್ಚುತ್ತದೆ. ಹಿಂದಿ ಬಾರದ ಹೊಸ ಹುಡುಗನೊಬ್ಬ ಠಾಣೆಯ ಬಾಗಿಲಲ್ಲಿ ತಬ್ಬಿಬ್ಬಾಗಿ ನಿಲ್ಲುವುದು ತಪ್ಪಿದರೆ, ಸಂಘಗಳು ನಡೆಸುವ ಉತ್ಸವಗಳಿಗಿಂತ ಅದೇನೂ ಕಡಿಮೆಯ ನಾಡಸೇವೆಯಾಗದು.